ನಾಟ್, ಮೈಲು, ಕಿಲೋಮೀಟರ್: ವೇಗದ ಲೆಕ್ಕ ತಪ್ಪುವುದು ಎಲ್ಲಿ?

ಪ್ರಶ್ನೆ: ನಾನು ಮಲ್ಪೆ ಸಮೀಪದ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕ, ಮನೆಯವರದು ಮೀನುಗಾರಿಕೆ ಬೋಟು. ತರಗತಿಯಲ್ಲಿ ಮಕ್ಕಳಿಗೆ ಗಂಟೆಗೆ ಕಿಲೋಮೀಟರನ್ನು ಸೆಕೆಂಡಿಗೆ ಮೀಟರ್ ಮಾಡಲು 5/18ರಿಂದ, ಹಿಂದಕ್ಕೆ ತರಲು 18/5ರಿಂದ ಗುಣಿಸಿ ಎಂದು ಹೇಳಿಕೊಡುತ್ತೇನೆ. ಆದರೆ ಬೋಟಿನ ಜಿಪಿಎಸ್ ವೇಗವನ್ನು ನಾಟ್‌ನಲ್ಲಿ ತೋರಿಸುತ್ತದೆ, ಹವಾಮಾನ ಇಲಾಖೆಯ ಎಚ್ಚರಿಕೆ ಗಂಟೆಗೆ ಇಷ್ಟು ಕಿಲೋಮೀಟರ್ ಎಂದು ಬರುತ್ತದೆ, ಮೊಬೈಲಿನ ಆ್ಯಪ್ ಸೆಕೆಂಡಿಗೆ ಇಷ್ಟು ಮೀಟರ್ ಎನ್ನುತ್ತದೆ, ಅಮೆರಿಕದಲ್ಲಿರುವ ಭಾವ ಎಲ್ಲವನ್ನೂ ಮೈಲಿನಲ್ಲೇ ಹೇಳುತ್ತಾರೆ. ಇವೆಲ್ಲವನ್ನೂ ಒಂದರಿಂದ ಇನ್ನೊಂದಕ್ಕೆ ಬದಲಿಸಲು ನಂಬಬಹುದಾದ ಸುಲಭ ಕ್ರಮ ಯಾವುದು? ಎಷ್ಟು ದಶಮಾಂಶದವರೆಗೆ ಬರೆಯಬೇಕು? ವಿಮಾನದ ಮ್ಯಾಕ್ ಸಂಖ್ಯೆಯನ್ನೂ ಹೀಗೆಯೇ ಬದಲಿಸಬಹುದೇ? ಸಾಯಣಾಚಾರ್ಯರು ಬೆಳಕಿನ ವೇಗವನ್ನು ಕರಾರುವಾಕ್ಕಾಗಿ ಹೇಳಿದ್ದರು ಎಂಬ ವಾಟ್ಸ್‌ಆ್ಯಪ್ ಸಂದೇಶದ ಲೆಕ್ಕ ಸರಿಯೇ?

ಉತ್ತರ: ನಿಮ್ಮ ಪ್ರಶ್ನೆಯಲ್ಲಿ ಎರಡು ಬೇರೆ ಬೇರೆ ತೊಡಕುಗಳು ಸೇರಿಕೊಂಡಿವೆ. ಒಂದು ಏಕಮಾನದಲ್ಲಿರುವ ವೇಗವನ್ನು ಇನ್ನೊಂದು ಏಕಮಾನಕ್ಕೆ ತರುವುದು ಮೊದಲನೆಯದು. ಅದು ಬರೀ ಅಂಕಗಣಿತ, ಅಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಕೈಯಲ್ಲಿರುವ ಸಂಖ್ಯೆ ಯಾವುದರ ವೇಗ, ಯಾವುದಕ್ಕೆ ಹೋಲಿಸಿ ಅಳೆದ ವೇಗ, ಎಷ್ಟು ಹೊತ್ತಿನ ಸರಾಸರಿ ಎಂದು ತಿಳಿಯುವುದು ಎರಡನೆಯದು. ಜನ ಎಡವುವುದು ಹೆಚ್ಚಾಗಿ ಈ ಎರಡನೆಯದರಲ್ಲಿ, ದೂಷಿಸುವುದು ಮಾತ್ರ ಮೊದಲನೆಯದನ್ನು. ಆದ್ದರಿಂದ ಸುಲಭವಾದದ್ದನ್ನು ಮೊದಲು ಮುಗಿಸೋಣ. ಪಠ್ಯಪುಸ್ತಕ ಜವ ಮತ್ತು ವೇಗ ಎಂದು ಬೇರೆ ಮಾಡುತ್ತದೆಂಬುದು ನಿಮಗೆ ಗೊತ್ತೇ ಇದೆ. ಇಲ್ಲಿ ದಿಕ್ಕಿನ ಮಾತು ಬೇಕಾಗದಿರುವುದರಿಂದ ಎಲ್ಲವನ್ನೂ ವೇಗ ಎಂದೇ ಕರೆಯುತ್ತೇನೆ.

ವೇಗವೆಂದರೆ ದೂರವನ್ನು ಕಾಲದಿಂದ ಭಾಗಿಸಿದ್ದು. ಹಾಗಾಗಿ ದೂರವನ್ನು ಬೇರೆಯಾಗಿ, ಕಾಲವನ್ನು ಬೇರೆಯಾಗಿ ಬದಲಿಸಿದರೆ ಯಾವ ಸೂತ್ರವನ್ನೂ ಬಾಯಿಪಾಠ ಮಾಡಬೇಕಾಗಿಲ್ಲ. ಗಂಟೆಗೆ 54 ಕಿ.ಮೀ. ಎಂದರೆ 3,600 ಸೆಕೆಂಡುಗಳಲ್ಲಿ 54,000 ಮೀಟರ್, ಅಂದರೆ ಸೆಕೆಂಡಿಗೆ 15 ಮೀಟರ್. 5/18 ಎಂಬುದು 1000/3600 ಎಂಬ ಭಿನ್ನರಾಶಿಯ ಸಂಕ್ಷಿಪ್ತ ರೂಪ, ಅಷ್ಟೇ. ಯಾವಾಗ 5/18, ಯಾವಾಗ 18/5 ಎಂದು ಮಕ್ಕಳು ಗೊಂದಲಕ್ಕೆ ಬೀಳುವುದು ಇವೆರಡನ್ನೂ ಎಲ್ಲಿಂದ ಬಂದವೆಂದು ತಿಳಿಯದೆ ಕಲಿತಾಗ. ಸಾಮಾನ್ಯ ನಡಿಗೆ ಗಂಟೆಗೆ 5 ಕಿ.ಮೀ., ಸೆಕೆಂಡಿಗೆ ಸುಮಾರು 1.4 ಮೀಟರ್ ಎಂಬ ಒಂದು ಜೋಡಿ ನೆನಪಿದ್ದರೆ ಸಾಕು. ಒಂದೇ ವೇಗವನ್ನು ಗಂಟೆಗೆ ಕಿಲೋಮೀಟರ್ ಎಂದು ಬರೆದಾಗ ಬರುವ ಸಂಖ್ಯೆ ಯಾವಾಗಲೂ ದೊಡ್ಡದು ಎಂಬುದು ಅದರಿಂದಲೇ ಗೊತ್ತಾಗುತ್ತದೆ. ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ಕೇಳುವ, 180 ಮೀಟರ್ ಉದ್ದದ ರೈಲು ಗಂಟೆಗೆ 54 ಕಿ.ಮೀ. ವೇಗದಲ್ಲಿ ಕಂಬವೊಂದನ್ನು ದಾಟಲು ಎಷ್ಟು ಹೊತ್ತು ಬೇಕೆಂಬ ಬಗೆಯ ಲೆಕ್ಕದಲ್ಲಿ 180ನ್ನು 15ರಿಂದ ಭಾಗಿಸಿ 12 ಸೆಕೆಂಡು ಎಂದು ಬರೆಯುವ ಬದಲು, ನೇರವಾಗಿ 54ರಿಂದ ಭಾಗಿಸಿ 3.3 ಸೆಕೆಂಡು ಎಂದು ಬರೆದುಬಿಡುವವರು ಪ್ರತಿ ವರ್ಷವೂ ಇರುತ್ತಾರೆ.

ನಿತ್ಯದ ಬಳಕೆಗೆ ಮೂರು ಸಂಖ್ಯೆಗಳು ಸಾಕು. ಸೆಕೆಂಡಿಗೆ 1 ಮೀಟರ್ ಎಂದರೆ ಗಂಟೆಗೆ 3.6 ಕಿ.ಮೀ. ಒಂದು ನಾಟ್ ಎಂದರೆ ಗಂಟೆಗೆ 1.852 ಕಿ.ಮೀ. ಗಂಟೆಗೆ ಒಂದು ಮೈಲು ಎಂದರೆ ಗಂಟೆಗೆ 1.609344 ಕಿ.ಮೀ. ಈ ಮೂರೂ ಅಂದಾಜುಗಳಲ್ಲ, ವ್ಯಾಖ್ಯೆಯಿಂದಲೇ ಪೂರ್ಣ ನಿಖರವಾದವು. 1959ರಲ್ಲಿ ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯ, ನ್ಯೂಜಿಲೆಂಡ್ ಮತ್ತು ದಕ್ಷಿಣ ಆಫ್ರಿಕಾ ದೇಶಗಳು ಒಂದು ಗಜವೆಂದರೆ 0.9144 ಮೀಟರ್ ಎಂದು ಒಪ್ಪಿಕೊಂಡವು. ಮೈಲಿಗೆ 1,760 ಗಜವಾದ್ದರಿಂದ 1609.344 ಮೀಟರ್ ಎಂಬುದು ಆ ಒಪ್ಪಂದದಿಂದ ಬಂದದ್ದು. ಅದರ ಮುಂದೆ ಬರೆಯಲು ಇನ್ನಾವ ಅಂಕಿಯೂ ಇಲ್ಲ.

ಕ್ಯಾಲ್ಕ್ಯುಲೇಟರ್ ಇಲ್ಲದಾಗ ಮನಸ್ಸಿನಲ್ಲೇ ಲೆಕ್ಕ ಹಾಕಲು ಕೆಲವು ದಾರಿಗಳಿವೆ. ಸೆಕೆಂಡಿಗೆ ಮೀಟರ್‌ನಲ್ಲಿರುವುದನ್ನು ನಾಲ್ಕರಿಂದ ಗುಣಿಸಿ, ಬಂದದ್ದರ ಹತ್ತನೇ ಒಂದು ಭಾಗವನ್ನು ಕಳೆದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 15ಕ್ಕೆ 60, ಅದರಲ್ಲಿ 6 ಕಳೆದರೆ 54. ಇದೂ ಅಂದಾಜಲ್ಲ, ನಾಲ್ಕರಲ್ಲಿ ಹತ್ತನೇ ಒಂದು ಭಾಗ ಹೋದರೆ ಉಳಿಯುವುದು 3.6 ತಾನೇ. ಹಿಂದಕ್ಕೆ ಬರುವಾಗ ನಾಲ್ಕರಿಂದ ಭಾಗಿಸಿ, ಬಂದದ್ದಕ್ಕೆ ಅದರ ಒಂಬತ್ತನೇ ಒಂದು ಭಾಗವನ್ನು ಕೂಡಿಸಬೇಕು: 72ಕ್ಕೆ 18, ಅದಕ್ಕೆ 2 ಸೇರಿಸಿದರೆ 20. ನಾಟ್ ಇದ್ದರೆ ಎರಡು ಪಟ್ಟು ಮಾಡಿ, ಪ್ರತಿ 20 ನಾಟ್‌ಗೆ 3ರಂತೆ ಕಳೆಯಿರಿ. 20 ನಾಟ್‌ಗೆ 37, 40 ನಾಟ್‌ಗೆ 74, 60 ನಾಟ್‌ಗೆ 111 ಬರುತ್ತದೆ. ನಿಜವಾದ ಬೆಲೆಗಳು 37.04, 74.08, 111.12. ಮೈಲಿಗೆ ಎಂಟರಿಂದ ಗುಣಿಸಿ ಐದರಿಂದ ಭಾಗಿಸುವುದು ವಾಡಿಕೆ. ನೂರಕ್ಕೆ ಸುಮಾರು 0.6ರಷ್ಟು ಕಡಿಮೆ ಬರುತ್ತದೆ, ಪರವಾಗಿಲ್ಲ. ನಿಮ್ಮ ಮಕ್ಕಳಿಗೆ ಇನ್ನೊಂದನ್ನು ತೋರಿಸಬಹುದು. 5, 8, 13, 21, 34, 55, 89 ಎಂದು ಹಿಂದಿನೆರಡನ್ನು ಕೂಡಿಸುತ್ತ ಹೋಗುವ ಸರಣಿಯಲ್ಲಿ ಮೈಲಿನ ಸಂಖ್ಯೆಯ ಪಕ್ಕದಲ್ಲೇ ಕಿಲೋಮೀಟರ್ ಸಂಖ್ಯೆ ಕೂತಿರುತ್ತದೆ. 34 ಮೈಲು 55 ಕಿ.ಮೀ. ಆಗುತ್ತದೆ, 55 ಮೈಲು 89 ಕಿ.ಮೀ. ಆಗುತ್ತದೆ, ಎರಡರಲ್ಲೂ ವ್ಯತ್ಯಾಸ ಅರ್ಧ ಕಿಲೋಮೀಟರಿಗೂ ಒಳಗೆ. ಫಿಬೊನಾಚಿಯ ಹೆಸರಿನಲ್ಲಿ ಪ್ರಸಿದ್ಧವಾದ ಈ ಸರಣಿಯನ್ನು ಅವನಿಗಿಂತ ಮೊದಲೇ, ಹನ್ನೆರಡನೇ ಶತಮಾನದ ಹೇಮಚಂದ್ರ, ಗುರು-ಲಘುಗಳಿಂದ ಇಂತಿಷ್ಟು ಮಾತ್ರೆಗಳನ್ನು ಎಷ್ಟು ಬಗೆಯಲ್ಲಿ ತುಂಬಬಹುದೆಂದು ಎಣಿಸುವಾಗ ಹೇಳಿದ್ದಾನೆ. ಮೈಲಿಗೂ ಛಂದಸ್ಸಿಗೂ ಸಂಬಂಧವೇನೂ ಇಲ್ಲ. ಸರಣಿಯ ಅನುಪಾತ 1.618ರ ಕಡೆಗೆ ಸಾಗುತ್ತದೆ, ಅದು 1.609ಕ್ಕೆ ಹತ್ತಿರವಿದೆ, ಅಷ್ಟೇ.

ನಾಟ್‌ನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮೂರಿನಲ್ಲಿ ದಿನವೂ ಬಳಕೆಯಾಗುವ ಏಕಮಾನ ಅದೇ. ಗಂಟೆಗೆ ಒಂದು ನಾಟಿಕಲ್ ಮೈಲು ಸಾಗುವುದೇ ಒಂದು ನಾಟ್. ಕಾಲ ಅದರೊಳಗೇ ಅಡಗಿರುವುದರಿಂದ ‘ಗಂಟೆಗೆ 8 ನಾಟ್’ ಎನ್ನುವುದು ತಪ್ಪು, ‘8 ನಾಟ್’ ಎಂದರೆ ಸಾಕು. 1852 ಎಂಬ ವಿಚಿತ್ರ ಸಂಖ್ಯೆ ಬಂದದ್ದು ಭೂಮಿಯಿಂದಲೇ. ಅಕ್ಷಾಂಶದ ಒಂದು ಡಿಗ್ರಿಯಲ್ಲಿ 60 ನಿಮಿಷಗಳಿವೆ, ಆ ಒಂದು ನಿಮಿಷದಷ್ಟು ದೂರವೇ ನಾಟಿಕಲ್ ಮೈಲು. ಸಮಭಾಜಕದಿಂದ ಧ್ರುವದವರೆಗೆ 90 ಡಿಗ್ರಿ, ಅಂದರೆ 5,400 ನಿಮಿಷ. ಇನ್ನೊಂದೆಡೆ, ಹದಿನೆಂಟನೇ ಶತಮಾನದ ಕೊನೆಯಲ್ಲಿ ಫ್ರಾನ್ಸಿನಲ್ಲಿ ಮೀಟರನ್ನು ನಿಶ್ಚಯಿಸಿದಾಗ ಅದೇ ಸಮಭಾಜಕ-ಧ್ರುವದ ದೂರವನ್ನು ಒಂದು ಕೋಟಿ ಮೀಟರ್ ಎಂದು ಎಣಿಸಿದ್ದರು. ಒಂದು ಕೋಟಿಯನ್ನು 5,400ರಿಂದ ಭಾಗಿಸಿದರೆ 1851.85 ಬರುತ್ತದೆ. 1929ರಲ್ಲಿ ಮೊನಾಕೊದಲ್ಲಿ ಸೇರಿದ ಜಲಮಾಪನ ಸಮ್ಮೇಳನ ಅಂತರರಾಷ್ಟ್ರೀಯ ನಾಟಿಕಲ್ ಮೈಲನ್ನು ಪೂರ್ಣ ಸಂಖ್ಯೆಯಾಗಿ 1852 ಮೀಟರ್ ಎಂದು ಗೊತ್ತುಮಾಡಿತು. ಗಂಟೆಗೆ ಒಂದು ಕಿಲೋಮೀಟರ್ ಎಂದರೆ 0.54 ನಾಟ್ ಎಂಬುದಕ್ಕೂ ಮೂಲ ಇದೇ, 5,400 ಮತ್ತು 10,000ದ ಅನುಪಾತ. ಭೂಮಿ ಪೂರ್ಣ ಗೋಲವಲ್ಲದ ಕಾರಣ ನಿಜವಾದ ನಿಮಿಷದ ಉದ್ದ ಸಮಭಾಜಕದ ಬಳಿ ಸುಮಾರು 1,843 ಮೀಟರ್, ಧ್ರುವದ ಬಳಿ ಸುಮಾರು 1,862 ಮೀಟರ್. ಬೋಟಿನ ಲೆಕ್ಕಕ್ಕೆ ಈ ವ್ಯತ್ಯಾಸ ತಟ್ಟುವುದಿಲ್ಲ.

ನಕ್ಷೆ ಹಿಡಿದು ಸಮುದ್ರಕ್ಕೆ ಹೋಗುವವರು ಇಂದಿಗೂ ನಾಟ್ ಬಿಡದಿರುವುದಕ್ಕೆ ಕಾರಣ ಇದೇ. ಮಂಗಳೂರು ಸುಮಾರು 12 ಡಿಗ್ರಿ 52 ನಿಮಿಷ, ಕಾರವಾರ ಸುಮಾರು 14 ಡಿಗ್ರಿ 48 ನಿಮಿಷ ಉತ್ತರ ಅಕ್ಷಾಂಶದಲ್ಲಿವೆ. ವ್ಯತ್ಯಾಸ 1 ಡಿಗ್ರಿ 56 ನಿಮಿಷ, ಅಂದರೆ 116 ನಿಮಿಷ. ಹಾಗಿದ್ದರೆ ಉತ್ತರ-ದಕ್ಷಿಣವಾಗಿ ಎರಡರ ನಡುವಿನ ಅಂತರ 116 ನಾಟಿಕಲ್ ಮೈಲು. ಕಿಲೋಮೀಟರ್ ಬೇಕೆಂದರೆ 215. ನಕ್ಷೆಯ ಅಂಚಿನಲ್ಲಿರುವ ಅಕ್ಷಾಂಶದ ಗೆರೆಗಳೇ ಅಳತೆಪಟ್ಟಿಯಾಗುತ್ತವೆ, 8 ನಾಟ್‌ನಲ್ಲಿ ಹೋದರೆ ಅಷ್ಟು ದೂರಕ್ಕೆ ಹದಿನಾಲ್ಕೂವರೆ ಗಂಟೆ ಎಂದು ಭಾಗಾಕಾರವೊಂದರಲ್ಲಿ ತಿಳಿಯುತ್ತದೆ. ಮಲ್ಪೆಯಿಂದ ಸೇಂಟ್ ಮೇರೀಸ್ ದ್ವೀಪಕ್ಕೆ ಸುಮಾರು 6 ಕಿ.ಮೀ.; 8 ನಾಟ್‌ನ ಬೋಟಿಗೆ ಎಷ್ಟು ಹೊತ್ತು ಬೇಕೆಂಬ ಪ್ರಶ್ನೆಯನ್ನೇ ಮಕ್ಕಳಿಗೆ ಕೊಡಿ. ಉತ್ತರ 24 ನಿಮಿಷದ ಆಸುಪಾಸಿನಲ್ಲಿ ಬರಬೇಕು, 45 ನಿಮಿಷ ಬಂದರೆ ನಾಟನ್ನು ಕಿಲೋಮೀಟರ್ ಎಂದೇ ಬಗೆದಿದ್ದಾರೆ ಎಂದರ್ಥ.

ಹಾಯಿಹಡಗುಗಳ ಕಾಲದಲ್ಲಿ ಇದನ್ನು ಅಳೆಯುತ್ತಿದ್ದ ಬಗೆ ತರಗತಿಯಲ್ಲಿ ಮಾಡಿ ನೋಡುವಂಥದ್ದು. ಮರದ ತುಂಡೊಂದನ್ನು ಹಗ್ಗಕ್ಕೆ ಕಟ್ಟಿ ಹಡಗಿನ ಹಿಂಬದಿಯಿಂದ ನೀರಿಗೆ ಬಿಡುತ್ತಿದ್ದರು. ತುಂಡು ನೀರಿನಲ್ಲಿ ನಿಂತಂತೆ ನಿಲ್ಲುತ್ತಿತ್ತು, ಹಡಗು ಮುಂದೆ ಹೋದಂತೆ ಹಗ್ಗ ಬಿಚ್ಚಿಕೊಳ್ಳುತ್ತಿತ್ತು. ಹಗ್ಗಕ್ಕೆ 47 ಅಡಿ 3 ಅಂಗುಲಕ್ಕೊಂದರಂತೆ ಗಂಟು. ಮರಳಿನ ಗಡಿಯಾರ 28 ಸೆಕೆಂಡಿನದು. ಅಷ್ಟರಲ್ಲಿ ಕೈಯಿಂದ ಜಾರಿಹೋದ ಗಂಟುಗಳ ಎಣಿಕೆಯೇ ವೇಗ. 47.25ನ್ನು 28ರಿಂದ ಭಾಗಿಸಿದರೆ ಸೆಕೆಂಡಿಗೆ 1.6875 ಅಡಿ, ಆಗಿನ ಬ್ರಿಟಿಷ್ ನಾಟಿಕಲ್ ಮೈಲಾದ 6,080 ಅಡಿಯನ್ನು 3,600ರಿಂದ ಭಾಗಿಸಿದರೆ 1.6889 ಅಡಿ. ವ್ಯತ್ಯಾಸ ಸಾವಿರಕ್ಕೆ ಒಂದರಷ್ಟೂ ಇಲ್ಲ. ಪರಿವರ್ತನೆಯ ಲೆಕ್ಕವನ್ನು ಹಗ್ಗದ ಅಳತೆಯಲ್ಲೇ ಮುಗಿಸಿಟ್ಟಿದ್ದರಿಂದ ನಾವಿಕನಿಗೆ ಎಣಿಸಲು ಬಂದರೆ ಸಾಕಾಗುತ್ತಿತ್ತು.

ಈ ಹಗ್ಗದ ಅಳತೆಗೂ ನಿಮ್ಮ ಜಿಪಿಎಸ್ ಅಳತೆಗೂ ಮುಖ್ಯವಾದ ಒಂದು ಭೇದವಿದೆ, ಮತ್ತು ಮೊದಲಿಗೆ ಹೇಳಿದ ಎರಡನೆಯ ತೊಡಕು ಇಲ್ಲಿಂದ ಆರಂಭವಾಗುತ್ತದೆ. ಹಗ್ಗ ಅಳೆಯುತ್ತಿದ್ದದ್ದು ನೀರಿಗೆ ಹೋಲಿಸಿದ ವೇಗವನ್ನು. ಜಿಪಿಎಸ್ ತೋರಿಸುವುದು ನೆಲಕ್ಕೆ ಹೋಲಿಸಿದ ವೇಗವನ್ನು. ಎಂಜಿನ್ ಬೋಟನ್ನು ನೀರಿನಲ್ಲಿ 8 ನಾಟ್‌ನಲ್ಲಿ ತಳ್ಳುತ್ತಿದ್ದು, ನೀರಿನ ಸೆಳೆತ ಎದುರಿನಿಂದ ಒಂದೂವರೆ ನಾಟ್ ಇದ್ದರೆ ಜಿಪಿಎಸ್‌ನಲ್ಲಿ ಆರೂವರೆ ಕಾಣುತ್ತದೆ. ಹಿಂದಿನಿಂದ ಇದ್ದರೆ ಒಂಬತ್ತೂವರೆ. ಎಷ್ಟು ಹೊತ್ತಿಗೆ ದಕ್ಕೆ (ಬೋಟು ನಿಲ್ಲುವ ಕಟ್ಟೆ) ಮುಟ್ಟುತ್ತೇವೆ ಎಂದು ಬೋಟು ನಡೆಸುವ ತಾಂಡೇಲರು ಕೇಳಿದರೆ ಜಿಪಿಎಸ್ ಹೇಳುವ ವೇಗವೇ ಬೇಕು. ಎಂಜಿನ್ ಸರಿಯಾಗಿ ಎಳೆಯುತ್ತಿದೆಯೇ, ಡೀಸೆಲ್ ಹೆಚ್ಚು ಹೋಗುತ್ತಿದೆಯೇ ಎಂದು ನೋಡಲು ನೀರಿಗೆ ಹೋಲಿಸಿದ ವೇಗ ಬೇಕು. ಎರಡನ್ನೂ ನಾಟ್‌ನಲ್ಲೇ ಬರೆದಿರುವುದರಿಂದ ಅವೆರಡೂ ಒಂದೇ ಎಂದು ತೋರಿಬಿಡುತ್ತದೆ.

ಗಾಳಿಯ ವಿಷಯದಲ್ಲಿ ಇದು ಇನ್ನೂ ಹೆಚ್ಚು. ಮೀನುಗಾರರಿಗೆ ಹವಾಮಾನ ಇಲಾಖೆ ಕೊಡುವ ಎಚ್ಚರಿಕೆಯ ಮಾದರಿಯನ್ನು ಗಮನಿಸಿ: ಗಾಳಿ ಗಂಟೆಗೆ 45ರಿಂದ 55 ಕಿ.ಮೀ., ರಭಸದ ಹೊಡೆತ 65 ಕಿ.ಮೀ.ವರೆಗೆ. ಮೊದಲನೆಯದು ಕೆಲವು ನಿಮಿಷಗಳ ಸರಾಸರಿ, ಎರಡನೆಯದು ಕೆಲವು ಸೆಕೆಂಡುಗಳ ಏಟು. ನಾಟ್‌ಗೆ ತಂದರೆ 24ರಿಂದ 30, ಹೊಡೆತ 35. ಆ್ಯಪ್‌ನಲ್ಲಿ ಅದೇ ದಿನ 13 ಮೀಟರ್ ಎಂದಿದ್ದರೆ ಅದು ಗಂಟೆಗೆ 47 ಕಿ.ಮೀ., ಇಲಾಖೆಯ ಮಾತಿಗೆ ಹೊಂದುವಂಥದ್ದೇ. ಆದರೆ 13 ಎಂಬ ಸಣ್ಣ ಸಂಖ್ಯೆಯನ್ನು ಕಂಡು ಗಾಳಿ ಕಡಿಮೆ ಎಂದುಕೊಳ್ಳುವ ಅಪಾಯವಿದೆ. ಚಂಡಮಾರುತಗಳಿಗೆ ಭಾರತದ ಹವಾಮಾನ ಇಲಾಖೆ 3 ನಿಮಿಷಗಳ ಸರಾಸರಿ ತೆಗೆದುಕೊಳ್ಳುತ್ತದೆ, ಅಮೆರಿಕದ ಸಂಸ್ಥೆಗಳು 1 ನಿಮಿಷದ್ದನ್ನು ತೆಗೆದುಕೊಳ್ಳುತ್ತವೆ, ವಿಶ್ವ ಹವಾಮಾನ ಸಂಸ್ಥೆಯ ಶಿಫಾರಸು 10 ನಿಮಿಷ. ಅವಧಿ ಕಿರಿದಾದಷ್ಟೂ ಗರಿಷ್ಠ ಸರಾಸರಿ ದೊಡ್ಡದಾಗಿ ಬರುತ್ತದೆ. ಒಂದೇ ಚಂಡಮಾರುತಕ್ಕೆ ಎರಡು ಕಡೆ ಎರಡು ವೇಗಗಳನ್ನು ಕಂಡವರು ಯಾರೋ ಪರಿವರ್ತನೆಯಲ್ಲಿ ತಪ್ಪಿದ್ದಾರೆ ಎಂದು ಭಾವಿಸುತ್ತಾರೆ. ಬಹಳ ಸಲ ತಪ್ಪಿದವರು ಯಾರೂ ಇರುವುದಿಲ್ಲ, ಅಳೆದದ್ದೇ ಬೇರೆ.

ಎಷ್ಟು ದಶಮಾಂಶ ಬರೆಯಬೇಕೆಂಬ ನಿಮ್ಮ ಪ್ರಶ್ನೆಗೆ ಉತ್ತರವೂ ಚಂಡಮಾರುತದಲ್ಲೇ ಸಿಗುತ್ತದೆ. ಇಲಾಖೆಯ ವರ್ಗೀಕರಣದಲ್ಲಿ 28ರಿಂದ 33 ನಾಟ್ ತೀವ್ರ ವಾಯುಭಾರ ಕುಸಿತ, 34ರಿಂದ 47 ನಾಟ್ ಚಂಡಮಾರುತ. 34 ನಾಟನ್ನು ಬದಲಿಸಿದರೆ 62.968 ಕಿ.ಮೀ. ಬರುತ್ತದೆ. ಒಬ್ಬರು ದಶಮಾಂಶವನ್ನು ಕತ್ತರಿಸಿ 62 ಎಂದು ಬರೆಯುತ್ತಾರೆ, ಇನ್ನೊಬ್ಬರು ಹತ್ತಿರದ ಪೂರ್ಣಾಂಕವೆಂದು 63 ಬರೆಯುತ್ತಾರೆ. ಎರಡೂ ಪಟ್ಟಿಗಳು ಚಲಾವಣೆಯಲ್ಲಿವೆ. ಈಗ 62ನ್ನು ಮತ್ತೆ ನಾಟ್‌ಗೆ ತಿರುಗಿಸಿದರೆ 33.5 ಬರುತ್ತದೆ, ಚಂಡಮಾರುತವಾಗಿದ್ದದ್ದು ವಾಯುಭಾರ ಕುಸಿತವೋ ಎಂಬ ಅನುಮಾನ ಹುಟ್ಟುತ್ತದೆ. ಆದ್ದರಿಂದ ಗಡಿ ಯಾವ ಮಾನದಲ್ಲಿ ಗೊತ್ತಾಗಿದೆಯೋ ಆ ಮಾನದಲ್ಲೇ ಹೋಲಿಸಬೇಕು, ಬದಲಿಸಿದ್ದನ್ನು ಓದುಗರಿಗೆ ತಿಳಿಸಲು ಮಾತ್ರ ಬಳಸಬೇಕು. 2021ರ ಮೇ ತಿಂಗಳಲ್ಲಿ ನಮ್ಮ ಕರಾವಳಿಯ ಪಕ್ಕದಲ್ಲೇ ಉತ್ತರಕ್ಕೆ ಸಾಗಿ ಗುಜರಾತಿನಲ್ಲಿ ನೆಲ ಮುಟ್ಟಿದ ತೌಕ್ತೆಯ ಗರಿಷ್ಠ ಗಾಳಿಯನ್ನು ಇಲಾಖೆ 100 ನಾಟ್ ಎಂದು ಅಂದಾಜಿಸಿತ್ತು. ಗಂಟೆಗೆ 185 ಕಿ.ಮೀ. ಎಂದು ಬರೆಯುವುದು ಸರಿ. 185.2 ಎಂದು ಬರೆಯುವುದು ಇಲ್ಲದ ನಿಖರತೆಯನ್ನು ಆರೋಪಿಸಿದಂತೆ, ಏಕೆಂದರೆ ಆ 100 ಎಂಬುದೇ ಐದರ ಮಟ್ಟಕ್ಕೆ ಪೂರ್ಣಗೊಳಿಸಿದ ಅಂದಾಜು. ಅಳತೆಯಲ್ಲಿ ಎಷ್ಟು ಅಂಕಿಗಳಿಗೆ ಬೆಲೆಯಿದೆಯೋ ಉತ್ತರದಲ್ಲೂ ಅಷ್ಟನ್ನೇ ಇಡಿ, ಆದರೆ ಪೂರ್ಣಗೊಳಿಸುವುದನ್ನು ಕೊನೆಯ ಹೆಜ್ಜೆಗೆ ಬಿಡಿ. ನಾಟ್ ಸಂಖ್ಯೆಯ ಅರ್ಧ ಸುಮಾರಾಗಿ ಸೆಕೆಂಡಿಗೆ ಮೀಟರ್ ಆಗುತ್ತದೆಂದು 100 ನಾಟನ್ನು ಮೊದಲು ಸೆಕೆಂಡಿಗೆ 50 ಮೀಟರ್ ಎಂದು ಅಂದಾಜಿಸಿ, ಅದನ್ನು 3.6ರಿಂದ ಗುಣಿಸಿದರೆ 180 ಬರುತ್ತದೆ. ಐದು ಕಿಲೋಮೀಟರ್ ನಡುದಾರಿಯಲ್ಲೇ ಕಳೆದುಹೋಯಿತು.

ಏಕಮಾನವನ್ನೇ ತಪ್ಪಾಗಿ ಓದಿದರೆ ಆಗುವ ಹಾನಿ ಇಷ್ಟು ಸಣ್ಣದಲ್ಲ. ಗಾಳಿ ಒಂದು ಮೇಲ್ಮೈಯನ್ನು ತಳ್ಳುವ ಒತ್ತಡ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ. 40 ನಾಟ್ ಎಂದದ್ದನ್ನು ಗಂಟೆಗೆ 40 ಕಿ.ಮೀ. ಎಂದು ಕೇಳಿಸಿಕೊಂಡು ಹೊರಟವರು ಎದುರಿಸುವುದು 1.852 ಪಟ್ಟು ವೇಗವನ್ನು, ಆದರೆ ಸುಮಾರು 3.4 ಪಟ್ಟು ಒತ್ತಡವನ್ನು. ಕಟ್ಟಡಗಳ ಮೇಲಿನ ಗಾಳಿಯ ಹೊರೆಗೆ ಭಾರತೀಯ ಮಾನಕ 875ರ ಮೂರನೇ ಭಾಗ ಬಳಸುವ ಸೂತ್ರ ಒತ್ತಡ = 0.6 × ವೇಗದ ವರ್ಗ. ವೇಗ ಸೆಕೆಂಡಿಗೆ ಮೀಟರ್‌ನಲ್ಲೇ ಇರಬೇಕು, ಉತ್ತರ ಪ್ರತಿ ಚದರ ಮೀಟರಿಗೆ ಇಷ್ಟು ನ್ಯೂಟನ್ ಎಂದು ಬರುತ್ತದೆ. ಆ ಮಾನಕದಲ್ಲಿ ಮೂಲ ಗಾಳಿವೇಗ ಬೆಂಗಳೂರಿಗೆ 33, ಮಂಗಳೂರಿಗೆ 39. ಮಿಕ್ಕ ಗುಣಕಗಳನ್ನು ಬದಿಗಿಟ್ಟರೆ ಮಂಗಳೂರಿನಲ್ಲಿ ಒತ್ತಡ ಸುಮಾರು 913 ನ್ಯೂಟನ್, ಅಂದರೆ ಚದರ ಮೀಟರಿಗೆ 93 ಕಿಲೋ ಭಾರ ಹೇರಿದಷ್ಟು. ಅದೇ ವೇಗವನ್ನು ಗಂಟೆಗೆ 140 ಕಿ.ಮೀ. ಎಂದು ಓದಿ, ಬದಲಿಸದೆ ಸೂತ್ರಕ್ಕೆ ಹಾಕಿದರೆ ಉತ್ತರ 3.6ರ ವರ್ಗದಷ್ಟು, ಹತ್ತಿರಹತ್ತಿರ ಹದಿಮೂರು ಪಟ್ಟು ಹಿಗ್ಗುತ್ತದೆ. ಹೀಗೆ ಹಿಗ್ಗಿದ್ದು ಕಣ್ಣಿಗೆ ಬೀಳುತ್ತದೆ. ಕುಗ್ಗುವ ಕಡೆಗಿನ ತಪ್ಪು ಬೀಳುವುದಿಲ್ಲ, ಅದೇ ಭಯ.

ಭಾವನವರ ಮೈಲಿನ ವಿಷಯ ಬೇಗ ಮುಗಿಯುತ್ತದೆ. ಅಮೆರಿಕದ ಹೆದ್ದಾರಿಯ 65 ಎಂದರೆ ನಮ್ಮ 105, 70 ಎಂದರೆ 113. ಭಾರತ 1956ರ ತೂಕ ಮತ್ತು ಅಳತೆಗಳ ಕಾಯಿದೆಯ ನಂತರ ಹಂತಹಂತವಾಗಿ ಮೈಲನ್ನು ಬಿಟ್ಟಿತು. ಅಮೆರಿಕ ಮತ್ತು ಬ್ರಿಟನ್ನಿನ ರಸ್ತೆಗಳಲ್ಲಿ ಅದು ಉಳಿದಿದೆ. ಕ್ರಿಕೆಟಿನಲ್ಲಿ ವೇಗದ ಬೌಲರುಗಳ ‘ನೂರು ಮೈಲಿ’ನ ಗಡಿ ಕಿಲೋಮೀಟರಿನಲ್ಲಿ 160.93, ಹಾಗಾಗಿ 160 ಕಿ.ಮೀ. ಮುಟ್ಟಿದ ಚೆಂಡು ಆ ಗಡಿ ದಾಟಿದಂತಾಗುವುದಿಲ್ಲ. 2003ರ ವಿಶ್ವಕಪ್‌ನಲ್ಲಿ ಕೇಪ್‌ಟೌನಿನಲ್ಲಿ ಇಂಗ್ಲೆಂಡ್ ವಿರುದ್ಧ ಶೋಯಬ್ ಅಖ್ತರ್ ಎಸೆದದ್ದು 161.3, ಅಂದರೆ 100.2 ಮೈಲು, ಕೂದಲೆಳೆಯಷ್ಟು ಮೇಲೆ. ಇಲ್ಲಿಯೂ ಯಾವ ವೇಗ ಎಂಬ ಪ್ರಶ್ನೆ ಬಿಡುವುದಿಲ್ಲ: ಯಂತ್ರ ಹೇಳುವುದು ಚೆಂಡು ಕೈಬಿಟ್ಟ ಹೊತ್ತಿನ ವೇಗ, ಬ್ಯಾಟಿನ ಬಳಿಗೆ ಬರುವಷ್ಟರಲ್ಲಿ ಗಾಳಿಯ ತಡೆ ಮತ್ತು ಪುಟಿತದಿಂದ ಅದು ಇಳಿದಿರುತ್ತದೆ.

ಇನ್ನು ಮ್ಯಾಕ್. ಇದು ಏಕಮಾನವಲ್ಲ, ಅನುಪಾತ. ವಿಮಾನದ ವೇಗ ಅದು ಹಾರುತ್ತಿರುವ ಗಾಳಿಯಲ್ಲಿನ ಶಬ್ದದ ವೇಗದ ಎಷ್ಟು ಪಟ್ಟು ಎಂದು ಹೇಳುತ್ತದೆ. ಶಬ್ದದ ವೇಗ ಉಷ್ಣತೆಯನ್ನು ಅವಲಂಬಿಸಿದೆ. 15 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸೆಕೆಂಡಿಗೆ 340 ಮೀಟರ್, ಅಂದರೆ ಗಂಟೆಗೆ 1,225 ಕಿ.ಮೀ.; 11 ಕಿ.ಮೀ. ಎತ್ತರದಲ್ಲಿ ಪ್ರಮಾಣಿತ ಉಷ್ಣತೆಯಾದ ಮೈನಸ್ 56.5 ಡಿಗ್ರಿಯಲ್ಲಿ ಸೆಕೆಂಡಿಗೆ 295 ಮೀಟರ್, ಗಂಟೆಗೆ 1,062 ಕಿ.ಮೀ. ಪ್ರಯಾಣಿಕ ವಿಮಾನವೊಂದು ಆ ಎತ್ತರದಲ್ಲಿ ಮ್ಯಾಕ್ 0.78ರಲ್ಲಿ ಹೋಗುತ್ತಿದ್ದರೆ ಅದರ ವೇಗ ಗಂಟೆಗೆ ಸುಮಾರು 829 ಕಿ.ಮೀ. ನೆಲಮಟ್ಟದ 1,225ರಿಂದ ಗುಣಿಸಿದವರಿಗೆ 955 ಬರುತ್ತದೆ, ಅದು ತಪ್ಪು. ಸೀಟಿನ ಮುಂದಿನ ಪರದೆಯಲ್ಲಿ ಆ ವೇಳೆಗೆ 900 ಎಂದಿದ್ದರೆ ಅದೂ ಸುಳ್ಳಲ್ಲ. ಹಿಂದಿನಿಂದ ಗಂಟೆಗೆ 70 ಕಿ.ಮೀ. ಗಾಳಿ ತಳ್ಳುತ್ತಿದೆ, ಪರದೆ ನೆಲಕ್ಕೆ ಹೋಲಿಸಿದ ವೇಗವನ್ನು ತೋರಿಸುತ್ತಿದೆ. ನಿಮ್ಮ ಬೋಟಿನ ಸಂಗತಿಯೇ ಇಲ್ಲಿ ನೀರಿನ ಬದಲು ಗಾಳಿಯಲ್ಲಿ ನಡೆಯುತ್ತದೆ. ವಿಮಾನ ನಿಲ್ದಾಣಗಳ ಹವಾಮಾನ ವರದಿಯಲ್ಲಿ ನಮ್ಮಲ್ಲಿ ಗಾಳಿಯನ್ನು ನಾಟ್‌ನಲ್ಲಿ ಬರೆಯುತ್ತಾರೆ, ರಷ್ಯಾ ಮತ್ತು ಚೀನಾದಲ್ಲಿ ಸೆಕೆಂಡಿಗೆ ಮೀಟರ್‌ನಲ್ಲಿ. ಸಂಖ್ಯೆಯ ಬೆನ್ನಿಗೇ ಏಕಮಾನದ ಸಂಕೇತವನ್ನೂ ಸೇರಿಸುವ ಪದ್ಧತಿ ಇರುವುದರಿಂದ ಕೆಲಸ ಕೆಡುವುದಿಲ್ಲ.

ನೀವು ಕೇಳದ ಒಂದನ್ನು ಸೇರಿಸುತ್ತೇನೆ, ಏಕೆಂದರೆ ಓಟದ ಅಭ್ಯಾಸ ಮಾಡುವ ಮಕ್ಕಳು ಈಗ ಮೊಬೈಲಿನಲ್ಲಿ ಇದನ್ನೇ ನೋಡುತ್ತಾರೆ. ಓಟಗಾರರ ‘ಪೇಸ್’ ಎಂದರೆ ಒಂದು ಕಿಲೋಮೀಟರಿಗೆ ಎಷ್ಟು ನಿಮಿಷ ಎಂಬುದು, ವೇಗದ ತಲೆಕೆಳಗು. 60ನ್ನು ಅದರಿಂದ ಭಾಗಿಸಿದರೆ ಗಂಟೆಗೆ ಎಷ್ಟು ಕಿಲೋಮೀಟರ್ ಎಂಬುದು ಸಿಗುತ್ತದೆ: 5 ನಿಮಿಷಕ್ಕೆ 12, 6 ನಿಮಿಷಕ್ಕೆ 10. ಐದು ನಿಮಿಷ ಮೂವತ್ತು ಸೆಕೆಂಡನ್ನು 5.30 ಎಂದು ಕ್ಯಾಲ್ಕ್ಯುಲೇಟರಿಗೆ ಹಾಕಿದರೆ 11.3 ಬರುತ್ತದೆ, ಅದು ತಪ್ಪು. ಮೂವತ್ತು ಸೆಕೆಂಡೆಂದರೆ ಅರ್ಧ ನಿಮಿಷವಾದ್ದರಿಂದ ಹಾಕಬೇಕಾದದ್ದು 5.5, ಸರಿಯಾದ ಉತ್ತರ 10.9. ಇನ್ನೂ ಸೂಕ್ಷ್ಮವಾದದ್ದು ಸರಾಸರಿ. ಮೊದಲ ಕಿಲೋಮೀಟರನ್ನು 6 ನಿಮಿಷದಲ್ಲಿ, ಎರಡನೆಯದನ್ನು 4 ನಿಮಿಷದಲ್ಲಿ ಓಡಿದವರ ವೇಗಗಳು 10 ಮತ್ತು 15. ಅವುಗಳ ಸರಾಸರಿ ಹನ್ನೆರಡೂವರೆ. ಆದರೆ ಅವರು ಹತ್ತು ನಿಮಿಷದಲ್ಲಿ ಎರಡು ಕಿಲೋಮೀಟರ್ ಓಡಿದ್ದಾರೆ, ಅಂದರೆ ಗಂಟೆಗೆ 12. ಸಮಾನ ದೂರಗಳಿಗೆ ಪೇಸ್‌ಗಳ ಸರಾಸರಿ ತೆಗೆಯಬಹುದು, ವೇಗಗಳದ್ದನ್ನಲ್ಲ.

ಕೊನೆಯದಾಗಿ ಸಾಯಣರ ಮಾತು. ಹದಿನಾಲ್ಕನೇ ಶತಮಾನದಲ್ಲಿ ವಿಜಯನಗರದ ಆಸ್ಥಾನದಲ್ಲಿದ್ದ ಸಾಯಣಾಚಾರ್ಯರ ಋಗ್ವೇದ ಭಾಷ್ಯದಲ್ಲಿ, ಅರ್ಧ ನಿಮೇಷದಲ್ಲಿ 2,202 ಯೋಜನ ಸಾಗುವವನೇ ನಿನಗೆ ನಮಸ್ಕಾರ ಎಂದು ಸೂರ್ಯನನ್ನು ಕುರಿತ ಶ್ಲೋಕವೊಂದು ಉದ್ಧೃತವಾಗಿರುವುದು ನಿಜ. ನಿಮೇಷ ಹಳೆಯ ಕಾಲಮಾನ, ಯೋಜನ ದೂರದ ಮಾನ. ಅದು ಬೆಳಕನ್ನು ಕುರಿತದ್ದೋ ಸೂರ್ಯನ ಚಲನೆಯನ್ನು ಕುರಿತದ್ದೋ ಎಂಬ ಚರ್ಚೆಯನ್ನು ಸಂಸ್ಕೃತ ಬಲ್ಲವರಿಗೆ ಬಿಡುತ್ತೇನೆ. ನೀವು ಕೇಳಿದ್ದು ಲೆಕ್ಕವನ್ನು. ಮೀಟರ್‌ನಂತೆ ಯೋಜನಕ್ಕೆ ಒಂದೇ ಬೆಲೆ ಇಲ್ಲ. ಆರ್ಯಭಟನ ಪ್ರಕಾರ ಭೂಮಿಯ ವ್ಯಾಸ 1,050 ಯೋಜನ, ಸೂರ್ಯಸಿದ್ಧಾಂತದ ಪ್ರಕಾರ 1,600 ಯೋಜನ. ಭೂಮಿಯ ಈಗಿನ ವ್ಯಾಸವನ್ನು ಇಟ್ಟು ನೋಡಿದರೆ ಮೊದಲನೆಯವನ ಯೋಜನ ಸುಮಾರು 12.1 ಕಿ.ಮೀ., ಎರಡನೆಯದರದ್ದು ಸುಮಾರು 8 ಕಿ.ಮೀ. ನಿಮೇಷವೂ ಹಾಗೆಯೇ. ವಿಷ್ಣುಪುರಾಣದಲ್ಲಿ ಒಂದು ಕಾಷ್ಠೆಗೆ 15 ನಿಮೇಷ, ಮನುಸ್ಮೃತಿಯಲ್ಲಿ 18. ಅಲ್ಲಿಂದ ಮುಂದೆ ಮೂವತ್ತು ಕಾಷ್ಠೆಗೆ ಒಂದು ಕಲೆ, ಮೂವತ್ತು ಕಲೆಗೆ ಒಂದು ಮುಹೂರ್ತ, ಮೂವತ್ತು ಮುಹೂರ್ತಕ್ಕೆ ಒಂದು ದಿನ. ಹಾಗಾಗಿ ನಿಮೇಷ ಒಂದರಲ್ಲಿ 0.213 ಸೆಕೆಂಡು, ಇನ್ನೊಂದರಲ್ಲಿ 0.178 ಸೆಕೆಂಡು. ಎರಡು ಯೋಜನ, ಎರಡು ನಿಮೇಷಗಳನ್ನು ಸೇರಿಸಿದರೆ ಅದೇ ಶ್ಲೋಕದಿಂದ ನಾಲ್ಕು ಉತ್ತರಗಳು ಬರುತ್ತವೆ: ಸೆಕೆಂಡಿಗೆ ಸುಮಾರು 1,64,000, 1,97,000, 2,50,000 ಮತ್ತು 3,00,600 ಕಿ.ಮೀ. ಬೆಳಕಿನ ವೇಗ ಸೆಕೆಂಡಿಗೆ 2,99,792.458 ಕಿ.ಮೀ. ಎಂಬುದು ನಮಗೆ ಮೊದಲೇ ಗೊತ್ತಿರುವುದರಿಂದ ನಾಲ್ಕನೆಯದನ್ನು ಆರಿಸಿ ಮಿಕ್ಕ ಮೂರನ್ನು ಬಿಟ್ಟುಬಿಡುವ ಆಸೆಯಾಗುತ್ತದೆ. ಆದರೆ ಆ ನಾಲ್ಕನೆಯದಕ್ಕೆ ಯೋಜನವನ್ನು ಆರ್ಯಭಟನಿಂದಲೂ ನಿಮೇಷವನ್ನು ಮನುವಿನಿಂದಲೂ ತರಬೇಕು, ಹಾಗೆ ತರಲು ಶ್ಲೋಕದಲ್ಲಾಗಲಿ ಭಾಷ್ಯದಲ್ಲಾಗಲಿ ಆಧಾರವಿಲ್ಲ. ನಾಲ್ಕೂ ಲೆಕ್ಕಗಳನ್ನು ನಾಲ್ಕು ಗುಂಪಿನ ಮಕ್ಕಳಿಗೆ ಬೇರೆ ಬೇರೆಯಾಗಿ ಕೊಟ್ಟು, ಪ್ರತಿ ಗುಂಪೂ ತಾನು ಬಳಸಿದ ಯೋಜನ ಮತ್ತು ನಿಮೇಷದ ಬೆಲೆಯನ್ನು ಉತ್ತರದ ಪಕ್ಕದಲ್ಲಿ ಬರೆಯಬೇಕೆಂದು ಹೇಳಿ ನೋಡಿ.